ಗೇಣೆತ್ತರದ ಮೊಳೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ತಗಡಿನ ಬಾಗಿಲು ಸರಿಸಿ ಕೋಳಿ ಶೆಡ್ಡಿನೊಳಗೆ ಬಂದ ಹೆಂಗಸು ಚಪ್ಪಲಿ ಬಿಡುತ್ತಾರೆ, ತಲೆಗೆ ಕಟ್ಟಿದ ಬಟ್ಟೆ ಬಿಗಿ ಮಾಡುತ್ತಾರೆ, ಮರದ ಹೊಟ್ಟು ಹಾಸಿದ ನೆಲದ ಮೇಲೆ ಉದ್ದಕ್ಕೆ ಮಲಗಿ ಬಲಗೆನ್ನೆ ನೆಲಕ್ಕಿಡುತ್ತಾರೆ. ಹೊಸಬರು ಕಂಡರೆ, ಪಾಪ ತಲೆ ಸುತ್ತಿ ಬಿದ್ದರೆಂದು ನೀರು ತರಲು ಓಡಬೇಕು. ಅವರು ಬಿದ್ದಿಲ್ಲ. ಗಾಳಿ ನೋಡುತ್ತಿದ್ದಾರೆ.

ಮೂಗಿನ ಮುಂದೆ, ಮರಿ ಚದುರದಂತೆ ಸುತ್ತ ನಿಲ್ಲಿಸಿದ ತಗಡಿನ ಬಳೆಯೊಳಗೆ, ನಾಲ್ಕು ದಿನದ ಐನೂರು ಹಳದಿ ಮರಿಗಳು. ಇಂಥ ಬಳೆಗಳು ಎಂಟು, ಒಟ್ಟು ನಾಲ್ಕು ಸಾವಿರ ಮರಿ. ಗೋಡೆ ಕಡೆಯವು ಒಂದರ ಮೇಲೊಂದು ಹತ್ತಿ ಗುಡ್ಡೆಯಾಗಿವೆ. ಆಕೆ ಒಂದು ಮರಿಯನ್ನೆತ್ತಿ ಅದರ ಪಾದಗಳನ್ನು ತನ್ನ ಕಣ್ಣಿನ ರೆಪ್ಪೆಗೆ ಒತ್ತುತ್ತಾರೆ. ಐಸು. ಆ ಮರಿಯನ್ನು ಕುಪ್ಪಸದ ಜೇಬಿಗಿಳಿಸಿ, ಗುಡ್ಡೆ ಬಿಡಿಸುತ್ತ, ಅಡಿಯಲ್ಲಿ ಸಿಕ್ಕಿ ಸತ್ತವನ್ನು ಬಕೆಟ್ಟಿಗೆ ಹಾಕುತ್ತಾರೆ. ಹನ್ನೊಂದು. ಮೊದಲ ಮೂರು ದಿನದವೂ ಸೇರಿ ಮೂವತ್ತೆಂಟು. ಏಳನೆಯ ದಿನದೊಳಗೆ ಐವತ್ತು ದಾಟಿದರೆ ಮರಿ ಶೆಡ್ಡಿಗೆ ಬೇರೆಯವರು ಬರುತ್ತಾರೆಂದು ಯಜಮಾನಿ ಖಡಾಖಂಡಿತ ಹೇಳಿದ್ದಾರೆ. ಆಗ ಇವರಿಗೆ ಗೋಣಿಚೀಲ ಹೊಲಿಯುವ ಕೆಲಸ.

ಎಲ್ಲರ ಬಾಯಲ್ಲೂ ಇವರು ಕಾವಿನಕ್ಕ. ಹದಿನೇಳು ವರ್ಷದಿಂದ ತಾಯಿಯಿಲ್ಲದ ಮರಿಗಳಿಗೆ ಕಾವು ಕೊಡುವುದೇ ಕಸುಬು. ಮೊದಲ ವಾರ ಮೂವತ್ಮೂರು ಡಿಗ್ರಿ, ಆಮೇಲೆ ವಾರಕ್ಕೆ ಮೂರರಂತೆ ಇಳಿಕೆ. ದಿನಕ್ಕೆ ಹನ್ನೊಂದು ಸುತ್ತು, ಸುತ್ತಿಗೆ ಎಂಟು ಸಲ ಮಲಗಿ ಏಳಬೇಕು. ಮಂಡಿಚಿಪ್ಪು ಸವೆದಿದೆ, ಬಲಗೆನ್ನೆ ಎಡಗೆನ್ನೆಗಿಂತ ಒರಟು. ಸಾಮಿಲ್ಲಿನಲ್ಲಿ ಮರ ಹೊರುವ ಗಂಡ ಬೇಕೆಂದೇ ಕೆಣಕುತ್ತಾರೆ: "ನನ್ನ ಕೆನ್ನೆ ಯಾವತ್ತಾದ್ರೂ ಮುಟ್ಟಿ ನೋಡಿದ್ಯೇನೇ? ನೆಲಾನೇ ನಿನಗೆ ಗಂಡ." ಇವರದೂ ತಯಾರಾದ ಉತ್ತರ: "ನೆಲ ಗೊರಕೆ ಹೊಡೆಯಲ್ಲ."

ವಿದ್ಯೆ ಬಂದದ್ದು ಅಮ್ಮನ ಮಂಚದಡಿ ಕಾವಿಗೆ ಕೂತ ಕೋಳಿಯಿಂದ. "ಚಳಿಯಾದ್ರೆ ಕೋಳಿ ಮೈ ಒತ್ತಿ ಕೂತ್ಕೊಳ್ತಿತ್ತು. ಸೆಕೆಯಾದ್ರೆ ರೆಕ್ಕೆ ಒಂಚೂರು ಎತ್ತೋದು, ನಾವು ಕಿಟಕಿ ತೆಗೆದ ಹಾಗೆ. ಅದಕ್ಕೆ ಯಾವ ಮೀಟರ್ ಇತ್ತು?" ಕೋಳಿಯ ಕಾವು ಮೇಲಿಂದ ಕೆಳಗೆ, ಮೈಯಿಂದ ಮೈಗೆ ಇಳಿಯುತ್ತದೆ. ಶೆಡ್ಡಿನ ನಡುವೆ ಉರಿಯುವ ಹೊಟ್ಟಿನ ಒಲೆಯದು ಹಾಗಲ್ಲ. ಹತ್ತಿರ ನಿಂತರೆ ಮುಖ ಸುಡುತ್ತದೆ, ಆದರೆ ಅದು ಕಾಯಿಸಿದ ಗಾಳಿ ಹಗುರಾಗಿ ನೆಟ್ಟಗೆ ಸೂರಿಗೆ ಏರಿಬಿಡುತ್ತದೆ. "ಬಿಸಿಗಾಳಿ ಅಂದ್ರೆ ಸಿರಿವಂತ ನೆಂಟ ಕಣ್ರೀ. ಬಂದವನೇ ಅಟ್ಟ ಹತ್ತಿ ಕೂತ್ಕೊಳ್ತಾನೆ, ಕೆಳಗಿರೋ ಮಕ್ಕಳನ್ನ ತಿರುಗೀ ನೋಡಲ್ಲ."

ಎರಡು ವರ್ಷದ ಹಿಂದೆ ಶೆಡ್ಡಿಗೆ ಶಾಖ ಅಳೆಯುವ ಗುಂಡಗಿನ ಮೀಟರೊಂದು ಬಂತು. ಓದಲು ಬೆನ್ನು ಬಗ್ಗಿಸಬೇಕಾಗಿಲ್ಲ ಎಂದು ಸೂಪರ್‌ವೈಸರ್ ಅದನ್ನು ತಮ್ಮ ಎದೆಯೆತ್ತರಕ್ಕೆ ಕಂಬಕ್ಕೆ ತೂಗುಹಾಕಿದರು. ಕೆಟ್ಟ ಮನುಷ್ಯರಲ್ಲ, ಓದಿಕೊಂಡ ಹುಡುಗ, ಇವರನ್ನು ಅಕ್ಕಾ ಎಂದೇ ಕರೆಯುತ್ತಾರೆ. ಹೋದ ಚಳಿಗಾಲದ ಒಂದು ಸಂಜೆ ಮೀಟರ್ ಮೂವತ್ನಾಲ್ಕು ತೋರಿಸಿದಾಗ, "ಅಕ್ಕಾ, ಜಾಸ್ತಿಯಾಯ್ತು, ಒಲೆ ತಗ್ಗಿಸಿ" ಎಂದರು. ಮರಿಗಳು ಒತ್ತೊತ್ತಾಗಿ ಚೀರುತ್ತಿದ್ದವು. ಕಾವಿನಕ್ಕ ತಗ್ಗಿಸಿದರು. ಬೆಳಗಾಗುವಷ್ಟರಲ್ಲಿ ಮುನ್ನೂರ ಹನ್ನೆರಡು ಮರಿ ಗುಡ್ಡೆಯಡಿ ಉಸಿರುಗಟ್ಟಿ ಸತ್ತಿದ್ದವು. ಶಾಖ ಸರಿಯಿತ್ತಲ್ಲ, ಹಾಗಾದರೆ ನೋಡಿಕೊಂಡವರೇ ಸರಿಯಿಲ್ಲ ಎಂದು ತೀರ್ಮಾನವಾಯಿತು. ಅವರು ಯಾರ ಮೇಲೂ ದೂರು ಹೇಳುವುದಿಲ್ಲ. "ಮೀಟರ್ ಮಾತು ಕೇಳ್ದೆ, ಮರಿ ಮಾತು ಕೇಳಲಿಲ್ಲ. ತಪ್ಪು ನಂದೇ" ಎನ್ನುವಾಗ ಮಾತ್ರ ಕೈ ಸುಮ್ಮನೆ ಹೊಟ್ಟು ಕೆದಕುತ್ತಿರುತ್ತದೆ.

ಈ ಬೆಳಗ್ಗೆಯೂ ಮೀಟರಿನ ಮುಳ್ಳು ಮೂವತ್ಮೂರರ ಮೇಲೇ ನಿಂತಿದೆ. ಕಾವಿನಕ್ಕ ಅದನ್ನು ಕಂಬದಿಂದ ಬಿಚ್ಚಿ, ಒಂದು ದಾರ ಕಟ್ಟಿ, ಮರಿಗಳ ನಡುವೆ ನೆಲದಿಂದ ಗೇಣೆತ್ತರಕ್ಕೆ ಇಳಿಬಿಡುತ್ತಾರೆ. ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತು. ಅಷ್ಟರಲ್ಲಿ ಸೂಪರ್‌ವೈಸರ್ ಬರುತ್ತಾರೆ.

"ಅಯ್ಯೋ ಅಕ್ಕಾ, ಅದನ್ಯಾಕೆ ಬಿಚ್ಚಿದ್ರಿ?"

"ಓದಿ ಹೇಳಿ ಸಾರ್, ಕನ್ನಡಕ ಮನೇಲಿ ಬಿಟ್ಟು ಬಂದಿದೀನಿ."

ಅವರು ಒಲ್ಲದ ಮನಸ್ಸಿನಿಂದ ಬಗ್ಗುತ್ತಾರೆ. "ಇಪ್ಪತ್ತಾರು. ಕೆಟ್ಟೋಯ್ತು ನೋಡಿ."

ಕಾವಿನಕ್ಕ ದಾರವನ್ನು ಬಿದಿರಿನ ಗಳದ ತುದಿಗೆ ಸಿಕ್ಕಿಸಿ ಮೀಟರನ್ನು ಸೂರಿಗೆ ಏರಿಸುತ್ತಾರೆ. ಮತ್ತಷ್ಟು ಹೊತ್ತು ಕಾಯುತ್ತಾರೆ. ಇಳಿಸಿದ ಕೂಡಲೇ ಓದಿದರೆ ಮೂವತ್ತೊಂಬತ್ತು. ಕಂಬದ ಹಳೆಯ ಮೊಳೆಗೆ ಹಾಕಿ ಕಾದರೆ ಮತ್ತೆ ಮೂವತ್ಮೂರು.

"ಕೆಟ್ಟಿಲ್ಲ ಸಾರ್. ಎಲ್ಲಿ ನಿಲ್ಲಿಸ್ತೀವೋ ಅಲ್ಲಿನ ನಿಜ ಹೇಳುತ್ತೆ. ನಿಮ್ಮ ಎದೆ ಬೆಚ್ಚಗಿದೆ, ಸಂತೋಷ. ಆದ್ರೆ ನಾವು ಸಾಕ್ತಿರೋದು ನಿಮ್ಮನ್ನಲ್ಲ."

ಸೂಪರ್‌ವೈಸರಿಗೆ ನಗಬೇಕೋ ಸಿಟ್ಟಾಗಬೇಕೋ ತಿಳಿಯದು. ಕಾವಿನಕ್ಕ ಹಳೆ ಬಟ್ಟೆಯ ತುಂಡನ್ನು ಒಲೆಯಲ್ಲಿ ಹೊಗೆಯಾಡಿಸಿ ಒಲೆಯ ಮಗ್ಗುಲಿಗೆ ಹಿಡಿಯುತ್ತಾರೆ. ಹೊಗೆ ಸರ್ರನೆ ಸೂರಿಗೇರಿ, ತಗಡಿನಡಿ ತೆವಳುತ್ತ ಗೋಡೆಯತ್ತ ಸಾಗುತ್ತದೆ. ಬಟ್ಟೆಯನ್ನು ಗೋಡೆಯ ಬುಡಕ್ಕೆ ತಂದರೆ ಅದೇ ಹೊಗೆ ಮೇಲೇರಲು ಮರೆತಂತೆ ನೆಲಕ್ಕೆ ಅಂಟಿ, ಮರಿಗಳ ಬೆನ್ನು ಸವರಿಕೊಂಡು ಒಲೆಯ ಕಡೆ ಹರಿಯುತ್ತದೆ. ತಣ್ಣನೆಯ ತಗಡಿಗೆ ತಾಗಿ ಆರಿದ ಗಾಳಿ ಭಾರವಾಗಿ ಗೋಡೆಗುಂಟ ಇಳಿಯುತ್ತಿದೆ.

"ಚಹಾ ಕುದಿಯೋದನ್ನ ನೋಡಿದೀರಲ್ಲ? ಸೊಪ್ಪು ಒಂದು ಕಡೆ ಮೇಲೆದ್ದು ಇನ್ನೊಂದು ಕಡೆ ಮುಳುಗುತ್ತೆ. ಈ ಶೆಡ್ಡೂ ಅಂಥದೇ ಪಾತ್ರೆ. ನಮ್ಮ ಮರಿ ಅದರ ತಳದಲ್ಲಿವೆ. ಮಲಗಿ ನೋಡಿ."

ಇಸ್ತ್ರಿ ಪ್ಯಾಂಟಿನ ಸೂಪರ್‌ವೈಸರ್ ಅತ್ತಿತ್ತ ನೋಡಿ, ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ಮಲಗುತ್ತಾರೆ. ಕೆನ್ನೆ ಹೊಟ್ಟಿಗೆ ತಾಗುತ್ತದೆ. ಒಂದು ಮರಿ ಅವರ ಕಿವಿ ಕುಕ್ಕುತ್ತದೆ.

"ಅಕ್ಕಾ, ಇಲ್ಲಿ ಗಾಳಿ ಹರೀತಿದೆ."

"ಹ್ಞೂಂ."

"ಹೋದ ಸಲಾನೂ ಹೀಗೇ ಇತ್ತಾ?"

ಕಾವಿನಕ್ಕ ಮೂಲೆಯಿಂದ ಖಾಲಿ ಗೋಣಿಗಳನ್ನು ಎಳೆದುಕೊಳ್ಳುತ್ತಾರೆ. "ಏಳಿ ಸಾರ್, ಕೆಲಸ ಇದೆ" ಎನ್ನುತ್ತಾರೆ.

ಇಬ್ಬರೂ ಸೇರಿ ಗೋಡೆಯ ಬುಡಕ್ಕೆ ಖಾಲಿ ಗೋಣಿ ಒತ್ತುತ್ತಾರೆ. ಸಿಮೆಂಟು ಮರಿಗಳ ಕಾಲಿನ ಬಿಸಿ ಹೀರದಂತೆ ಹೊಟ್ಟನ್ನು ಇನ್ನೆರಡು ಬೆರಳು ದಪ್ಪಕ್ಕೆ ಹರಡುತ್ತಾರೆ. ಮೇಲೇರುವ ಬಿಸಿಯನ್ನು ತಡೆದು ಕೆಳಕ್ಕೆ ತಿರುಗಿಸಲು ಒಲೆಯ ಕೊಳವೆಯ ಸುತ್ತ ಹಳೆ ತಗಡಿನ ಕೊಡೆ ಕಟ್ಟುತ್ತಾರೆ. ಗೋಡೆಯ ನೆತ್ತಿಯಲ್ಲಿರುವ ಕಿಂಡಿಯನ್ನೂ ಮುಚ್ಚಲು ಹೊರಟ ಸೂಪರ್‌ವೈಸರಿಗೆ, "ಅದೊಂದು ಬೇಡ, ಕೆಟ್ಟ ಗಾಳಿ ಹೋಗೋಕೆ ದಾರಿ ಬೇಕು. ಬೆಚ್ಚಗಿಡ್ತೀನಿ ಅಂತ ಉಸಿರು ಕಟ್ಟಿಸಬಾರದು" ಎನ್ನುತ್ತಾರೆ. ನಡುಹಗಲಿಗೆ ಮರಿಗಳು ಎಳ್ಳು ಚೆಲ್ಲಿದಂತೆ ಬಳೆತುಂಬ ಹರಡಿಕೊಳ್ಳುತ್ತವೆ. ಚೀರಾಟ ನಿಂತು ಪಿಸುಪಿಸು ಉಳಿಯುತ್ತದೆ. ಬೆಳಗ್ಗೆ ಜೇಬಿಗಿಳಿಸಿದ ಮರಿಯನ್ನು ಕಾವಿನಕ್ಕ ಆಗ ಅವುಗಳ ನಡುವೆ ಬಿಡುತ್ತಾರೆ. ಅದು ಎರಡು ಹೆಜ್ಜೆ ತಡವರಿಸಿ ನೀರಿನ ಬಟ್ಟಲಿಗೆ ಹೋಗುತ್ತದೆ.

ಏಳನೆಯ ದಿನ ಯಜಮಾನಿ ಬಂದು ಲೆಕ್ಕ ಕೇಳುತ್ತಾರೆ. ಸತ್ತವು ನಲವತ್ಮೂರು. ಸೂಪರ್‌ವೈಸರ್ ಯಾರೂ ಕೇಳದೆಯೇ ಬಾಯಿಬಿಡುತ್ತಾರೆ: "ಮೇಡಂ, ಹೋದ ಚಳಿಗಾಲದ ತಪ್ಪು ಅಕ್ಕಂದಲ್ಲ. ಮೀಟರ್ ನಾನು ತೂಗುಹಾಕಿದ್ದು." ಯಜಮಾನಿ ಇಬ್ಬರನ್ನೂ ದಿಟ್ಟಿಸಿ ನೋಡಿ, ಕಡೆಗೆ ಕಾವಿನಕ್ಕನತ್ತ ತಿರುಗುತ್ತಾರೆ. "ನಿನಗೇನು ಬೇಕು ಹೇಳಮ್ಮ."

ಒಂದು ಮೊಳೆ ಸಾಕೆನ್ನುತ್ತಾರೆ ಅವರು. ಕಂಬದ ಬುಡದಲ್ಲಿ ಹೆಬ್ಬೆರಳು ಕಿರುಬೆರಳು ಚಾಚಿ ಜಾಗವನ್ನೂ ತೋರಿಸುತ್ತಾರೆ. ಸೂಪರ್‌ವೈಸರ್ ಮಂಡಿಯೂರಿ ಮೊಳೆ ಹೊಡೆದು ಮೀಟರ್ ತೂಗುಹಾಕುತ್ತಾರೆ. ಇಷ್ಟು ಕೆಳಗಿದ್ದರೆ ಓದುವುದು ಕಷ್ಟವಲ್ಲವೇ ಎಂದು ಯಜಮಾನಿ ಕೇಳಿದರೆ, ಕಾವಿನಕ್ಕ ಮೊದಲ ಬಾರಿಗೆ ಬಾಯಿತುಂಬ ನಗುತ್ತಾರೆ.

"ಕಷ್ಟ ಆಗ್ಲಿ ಅಂತಾನೇ ಅಮ್ಮಾ. ನಾನಿನ್ನೆಷ್ಟು ವರ್ಷ ಇಲ್ಲಿರ್ತೀನಿ? ನನ್ನ ಹಿಂದೆ ಯಾರು ಬಂದ್ರೂ ಅದನ್ನ ಓದೋಕೆ ಬಗ್ಗಲೇಬೇಕು. ಬಗ್ಗಿದ ಮೇಲೆ ಮರಿ ಕಾಣದೆ ಇರುತ್ತಾ?"