ಅಮರೇಶನ ಕಿವಿಗೆ ಬೀಳಬಾರದಾಗಿದ್ದ ಕತೆ

ಮೂಡಲಪಾಳ್ಯದ ಹಳೇ ಊರಿನಲ್ಲಿ, ಸುತ್ತ ಎದ್ದ ಬಾಡಿಗೆ ಮನೆಗಳ ನಡುವೆ ಇನ್ನೂ ಹೆಂಚು ಉಳಿಸಿಕೊಂಡಿದ್ದ ಮನೆ ಅಂಬುಜಾಳದು. ಮಧ್ಯಾಹ್ನದ ಊಟವಾದ ಮೇಲೆ ಅದರ ಜಗುಲಿಯಲ್ಲಿ ಹೆಂಗಸರು ಸೀರೆಗೆ ಕುಚ್ಚು ಕಟ್ಟಲು ಕೂರುತ್ತಿದ್ದರು. ವಿಜಯನಗರದ ಅಂಗಡಿಗಳಿಂದ ರೇಷ್ಮೆ ಸೀರೆಗಳು ಬರುತ್ತಿದ್ದವು. ಸೆರಗಿನಂಚಿನ ಬಿಡಿ ಎಳೆಗಳನ್ನು ಕೂಡಿಸಿ, ಹೊಸೆದು, ಗಂಟು ಹಾಕಿ, ಮಣಿ ಪೋಣಿಸಬೇಕು. ಕಣ್ಣು, ಬೆರಳು ಎರಡೂ ಅಲ್ಲೇ ಇರಬೇಕು. ಕಿವಿಗೆ ಮಾತ್ರ ಏನೂ ಕೆಲಸವಿಲ್ಲ. ಆ ಕಿವಿಗಳಿಗಾಗಿ ಅಂಬುಜಾ ಕತೆ ಹೇಳುತ್ತಿದ್ದಳು.

ಕತೆ ಕಬಡ್ಡಿ ಆಟಗಾರರದು. ಊರಿನ ಯುವಕರ ಸಂಘದ ತಂಡದಲ್ಲಿ ಅಮರೇಶ ಎಂಬ ರೈಡರ್ ಇದ್ದ. ಕೊಪ್ಪಳದ ಕಡೆಯವನು, ನಾಯಂಡಹಳ್ಳಿಯ ಗೋಡೌನಿನಲ್ಲಿ ಲಾರಿಗೆ ಮೂಟೆ ತುಂಬುತ್ತಿದ್ದ. ಅವನ ಊರವನೇ ಆದ ಬಾಳೇಶ ಎಡಮೂಲೆ ಕಾಯುತ್ತಿದ್ದ. ಇಬ್ಬರನ್ನೂ ಅಂಬುಜಾ ನೋಡಿದ್ದು ಅಂಕಣದಲ್ಲಿ, ಅದೂ ಹಗ್ಗದ ಈಚೆ ನಿಂತು. ಒಂದು ಮಾತೂ ಆಡಿಸಿದವಳಲ್ಲ. ಅವರಿರುವ ಒಂಟಿ ಕೋಣೆ, ಅದರ ಕಿಟಕಿಯಲ್ಲಿ ಒಣಗುವ ಕೆಂಪು ಬನಿಯನ್ನು, ಉಳುಕಿದ ಮೊಣಕಾಲಿಗೆ ಬಾಳೇಶ ಎಣ್ಣೆ ಬಿಸಿಮಾಡಿ ತಿಕ್ಕುವುದು, ಇಬ್ಬರೂ ಒಂದೇ ತಟ್ಟೆಯಲ್ಲಿ ರೊಟ್ಟಿ ಮುರಿಯುವುದು, ಎಲ್ಲ ಅವಳೇ ಕಟ್ಟಿದ್ದು. ಅವರ ನಡುವೆ ಇರುವುದು ಏನೆಂದು ಅವಳು ಯಾವತ್ತೂ ಹೆಸರಿಡಲಿಲ್ಲ. ಕೇಳುವವರೂ ಹೆಸರು ಕೇಳಲಿಲ್ಲ.

ಆ ಕತೆಯಲ್ಲಿ ಎಲ್ಲರೂ ಮತ್ತೆ ಮತ್ತೆ ಹೇಳಿಸಿಕೊಳ್ಳುತ್ತಿದ್ದ ಭಾಗ ಒಂದಿತ್ತು. ಫೈನಲ್ ನಡೆಯುವಾಗ ಅಮರೇಶನ ಅವ್ವ ತೀರಿಕೊಂಡ ಸುದ್ದಿ ಬರುತ್ತದೆ. ಆಟ ಕೆಡಬಾರದೆಂದು ಯಾರೂ ಅವನಿಗೆ ಹೇಳುವುದಿಲ್ಲ. ಕಪ್ಪು ಎತ್ತಿಕೊಂಡು ಕುಣಿದ ಮೇಲೆ ಹೇಳುತ್ತಾರೆ. ಆಗ ಬಾಳೇಶ ಅವನ ತಲೆಯನ್ನು ತನ್ನ ಹೆಗಲಿಗೆ ಒತ್ತಿಕೊಂಡು, "ಅಳಬೇಡ ಕಣೋ, ನಾನಿದೀನಿ" ಅನ್ನುತ್ತಾನೆ.

ಅಲ್ಲಿಗೆ ಬಂದಾಗ ಮಣಿಗಳು ಬೆರಳಿನಿಂದ ಜಾರುತ್ತಿದ್ದವು. ಇದು ಎಲ್ಲಿಂದ ಬಂತೆಂದು ಪಕ್ಕದ ಮನೆಯ ಪಂಕಜಾಗೆ ಗೊತ್ತಿತ್ತು. ಹಿಂದೊಂದು ವರ್ಷ ಟೂರ್ನಮೆಂಟಿನ ದಿನ ಆಟಗಾರರಿಗೆಲ್ಲ ಅಂಬುಜಾಳ ಮನೆಯಲ್ಲೇ ಅಡುಗೆ. ಬೆಳಿಗ್ಗೆಯೇ ಅವಳ ತಾಯಿ ತೀರಿಕೊಂಡ ಸುದ್ದಿ ಗಂಡನ ಫೋನಿಗೆ ಬಂದಿತ್ತು. ಆ ಗಂಡ ಮುನಿರಾಜು ಸಂಘದ ಕಾರ್ಯದರ್ಶಿ. ಕಡೇ ಪಂಕ್ತಿ ಎದ್ದು ಕೈತೊಳೆದ ಮೇಲೆ ಅವನು ಹೇಳಿದ. ಅವತ್ತು ಅವಳಿಗೆ ಅಳು ಬರಲಿಲ್ಲ, ಸೌಟು ಕೈಯಲ್ಲೇ ಇತ್ತು. ಆಮೇಲೆ ಕತೆಯಲ್ಲಿ ಅಮರೇಶನ ಕೈಲಿ ಅಳಿಸಿದಳು.

ಜಗುಲಿಯ ಕಟ್ಟಳೆ ಒಂದೇ. ಕತೆ ಗೇಟು ದಾಟಬಾರದು. ಗಂಡಸರ ಚಪ್ಪಲಿ ಸದ್ದು ಕೇಳಿದರೆ ಮೂಲೆಯಲ್ಲಿ ಸೊಪ್ಪು ಬಿಡಿಸುತ್ತಿದ್ದ ಅತ್ತೆ ಮುನಿಲಕ್ಷ್ಮಮ್ಮ ಕೆಮ್ಮುತ್ತಿದ್ದಳು. ಆ ಕ್ಷಣವೇ ಅಂಬುಜಾ ಟೀವಿ ಸೀರಿಯಲ್ಲಿಗೆ ಜಿಗಿಯುತ್ತಿದ್ದಳು. "ಆಮೇಲೆ ಆ ಅತ್ತೆ ಪಾಯಸಕ್ಕೆ ವಿಷ ಹಾಕಿಬಿಟ್ಲು ಕಣ್ರೇ!"

"ಇನ್ನೂ ಕುಡಿದಿಲ್ವೇನೇ ಆ ಪಾಯಸಾನ?" ಎಂದು ಮುನಿರಾಜು ನಗುತ್ತಾ ಒಳಗೆ ಹೋಗುತ್ತಿದ್ದ. "ಹೋದ ಯುಗಾದಿಗೆ ಹಾಕಿದ ವಿಷ ಅಲ್ವಾ ಅದು!"

ಇಷ್ಟು ಗುಟ್ಟು ಯಾಕೆಂದು ಹೊಸದಾಗಿ ಬಂದ ಚೈತ್ರ ಒಮ್ಮೆ ಕೇಳಿದ್ದಳು. "ಅಂಬುಜಕ್ಕ, ನಾವೇನು ಕೆಟ್ಟದ್ದು ಹೇಳ್ತಾ ಇದೀವಾ?"

"ಕೆಟ್ಟದ್ದು ಒಳ್ಳೇದು ಅಂತಲ್ಲ ಕಣೇ. ಅವನು ನಿಜವಾದ ಮನುಷ್ಯ. ಅವನ ಕಿವಿಗೆ ಬಿತ್ತು ಅಂದ್ರೆ, ರೈಡಿಗೆ ಹೋಗುವಾಗ ನನ್ನ ಮಾತನ್ನೂ ಹೊತ್ಕೊಂಡು ಓಡ್ಬೇಕು ಪಾಪ. ನನಗೆ ಬೈದ್ರೆ ಬೈಯ್ಲಿ. ಅವನಿಗೆ ಮಾತ್ರ ಗೊತ್ತಾಗಬಾರದು."

ಅಂಬುಜಾ ಸ್ಕೂಲಿನಲ್ಲಿ ಕಬಡ್ಡಿ ಆಡಿದವಳು. ದೊಡ್ಡವಳಾದ ಮೇಲೆ ಬಿಡಿಸಿದರು. ಟೂರ್ನಮೆಂಟಿನಲ್ಲಿ ಹೆಂಗಸರಿಗೆ ಜನರೇಟರ್ ಪಕ್ಕದಲ್ಲಿ ಹಗ್ಗ ಕಟ್ಟಿದ ಜಾಗ. ಅಲ್ಲಿಂದ ಅವಳು ಒಮ್ಮೆ "ಬೋನಸ್! ಬೋನಸ್ ಬಂತು!" ಎಂದು ಕೂಗಿಬಿಟ್ಟಿದ್ದಳು. ಮೊಬೈಲ್ ಅಂಗಡಿಯ ಜೀವನ್ ತಿರುಗಿ ನೋಡಿ, "ಆಂಟಿ, ದೀಪಾವಳಿ ಬೋನಸ್ಸಾ? ಸಾರ್ ಕೊಡ್ಲಿಲ್ವಾ ಮನೇಲಿ?" ಅಂದ. ಸುತ್ತಲಿದ್ದವರೆಲ್ಲ ನಕ್ಕರು. ಮುನಿರಾಜುವೂ ನಕ್ಕ. ರೆಫರಿ ಬೋನಸ್ ಪಾಯಿಂಟು ಕೊಟ್ಟಿದ್ದನ್ನು ಯಾರೂ ಗಮನಿಸಲಿಲ್ಲ.

ಗಂಡಸರಿಗೂ ಕತೆಗಳಿದ್ದವು. ಹಿಂದಿನ ವರ್ಷ ಪ್ರದರ್ಶನ ಪಂದ್ಯಕ್ಕೆ ಹುಡುಗಿಯರ ತಂಡ ಬಂದಿತ್ತು. ನಾಯಕಿ ಶೈಲಾ ಮುಟ್ಟಿ ಬಂದ ಪಾಯಿಂಟು ಎಷ್ಟೆಂದು ಹೇಳಬಲ್ಲವರು ಅಲ್ಲಿ ಇರಲಿಲ್ಲ. ಅವಳ ನಿಕ್ಕರಿನ ಉದ್ದ ಎಲ್ಲರಿಗೂ ಗೊತ್ತಿತ್ತು. ಆಮೇಲೆ ಟೀ ಅಂಗಡಿಯಲ್ಲಿ ಜೀವನ್ ಶೈಲಾಳ ಬಗ್ಗೆ ದಿನಕ್ಕೊಂದು ಕತೆ ಹೊಸೆದ. ಕೋಚ್ ಜೊತೆ ಲಾಡ್ಜ್, ರೆಫರಿ ಜೊತೆ ಕಾರು. "ಸುಮ್ನೆ ಹಂಗೆ ಕ್ಯಾಪ್ಟನ್ ಮಾಡ್ತಾರಾ ಮಗಾ?" ಎಂದು ಮುಗಿಸುತ್ತಿದ್ದ. ಅವು ಗೇಟುಗಳನ್ನೆಲ್ಲ ದಾಟಿದವು. ಶೈಲಾ ಓದುತ್ತಿದ್ದ ಕಾಲೇಜಿಗೂ ಹೋದವು. ಈ ವರ್ಷ ಬರುವುದಿಲ್ಲವೆಂದು ಆ ತಂಡ ಹೇಳಿಕಳಿಸಿತು.

ಅಂಬುಜಾಳ ಕತೆ ಹೊರಗೆ ಹೋದದ್ದು ಪ್ರೀತಿಯಿಂದಲೇ. ಚೈತ್ರಳ ಅಕ್ಕ ಬ್ಯಾಡರಹಳ್ಳಿಯಲ್ಲಿ ಬಾಣಂತಿ. ಕಿವಿಗೆ ಹತ್ತಿ ಇಟ್ಟುಕೊಂಡು ಕತ್ತಲೆ ಕೋಣೆಯಲ್ಲಿ ಮಲಗಿ ಬೇಜಾರಾಗಿದ್ದಳು. ಚೈತ್ರಳಿಗೆ ಗಂಡ ಒಂದು ಚೈನಾ ಮೊಬೈಲ್ ಸೆಟ್ಟು ಕೊಡಿಸಿದ್ದ. ಅದರಲ್ಲಿ ಮಾತು ರೆಕಾರ್ಡ್ ಆಗುತ್ತಿತ್ತು. ಅವಳು ಅದನ್ನು ಸೀರೆಯ ಮಡಿಕೆಯಡಿ ಇಟ್ಟು ಅವ್ವ ಸಾಯುವ ಭಾಗವನ್ನು ಪೂರ್ತಿ ಹಿಡಿದುಕೊಂಡಳು. ಅಕ್ಕ ಕೇಳಿ ಅತ್ತಳಂತೆ. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಮಗುವಿನ ನಾಮಕರಣಕ್ಕೆ ಹೊಸ ಹಾಡು ಬೇಕಾಗಿ, ಊರಿನವರೆಲ್ಲ ಮಾಡುವ ಹಾಗೆ, ಚೈತ್ರ ಮೆಮೊರಿ ಕಾರ್ಡನ್ನು ಜೀವನ್ ಅಂಗಡಿಯಲ್ಲಿ ಕೊಟ್ಟು, "ಹಾಡು ತುಂಬ್ಸಿ ಇಡಿ ಅಣ್ಣ, ಸಂಜೆ ಬರ್ತೀನಿ" ಎಂದು ತರಕಾರಿ ತರಲು ಹೋದಳು.

ಕಾರ್ಡಿನಲ್ಲಿ ಜಾಗ ಮಾಡಲು ಜೀವನ್ ಹಳೆಯದನ್ನೆಲ್ಲ ತೆರೆದು ನೋಡಿದ. ಸಂಜೆಯೊಳಗೆ ಕತೆ ಬ್ಲೂಟೂತಿನಲ್ಲಿ ಒಂದು ಫೋನಿಂದ ಇನ್ನೊಂದಕ್ಕೆ ಹತ್ತಿ ಟೀ ಅಂಗಡಿ, ಆಟೋ ಸ್ಟ್ಯಾಂಡು, ಸಂಘದ ಕೋಣೆ ಮುಟ್ಟಿತ್ತು.

ಮುನಿರಾಜು ಮನೆಗೆ ಬಂದಾಗ ಅತ್ತೆ ಕೆಮ್ಮಿದಳು. ಅವನು ಫೋನನ್ನು ಅನ್ನದ ತಟ್ಟೆಯ ಪಕ್ಕದಲ್ಲಿಟ್ಟು ಒತ್ತಿದ. ಅಂಬುಜಾಳ ಧ್ವನಿಯೇ ಬಂತು. ಹಿಂದೆ ಪಂಕಜಾ ಮೂಗು ಸೀಟಿದ್ದೂ ಕೇಳಿತು.

"ಏನೇ ಇದು?"

"ಕತೆ."

"ಕತೆ ಅಂತೆ! ಇಬ್ಬರು ಗಂಡಸ್ರು ತಬ್ಕೊಂಡು ಅಳೋ ಕತೆ. ಹುಡುಗ್ರೆಲ್ಲ ಕೇಳ್ತಾವ್ರೆ, 'ಸಾರ್, ಮೇಡಂ ಕಣ್ಣು ಯಾವ ರೈಡರ್ ಮೇಲೆ?' ಅಂತ. ನಾನು ಏನು ಹೇಳ್ಲಿ?"

"ಅಮರೇಶಂಗೆ ಗೊತ್ತಾಯ್ತಾ?"

ಮುನಿರಾಜು ತಟ್ಟೆ ತಳ್ಳಿದ. "ನನ್ನ ಮರ್ಯಾದೆ ಹೋಯ್ತು ಅಂತಿದೀನಿ, ಅವನ ವಿಷಯ ಕೇಳ್ತಾಳಲ್ಲ ಇವಳು! ಅಮ್ಮಾ, ನೀನೂ ಅಲ್ಲೇ ಕೂತಿರ್ತಿದ್ದೆ ತಾನೆ?"

"ನಂಗೆ ಕಿವಿ ಕೇಳ್ಸಲ್ಲಪ್ಪ," ಎಂದಳು ಮುನಿಲಕ್ಷ್ಮಮ್ಮ.

ಭಾನುವಾರ ಸಂಘದ ಕೋಣೆಯಲ್ಲಿ ಮೀಟಿಂಗ್ ಕರೆದರು. ಅಂಬುಜಾ ಬಾಗಿಲ ಬಳಿ ನಿಂತಳು. ಕಪ್ಪುಗಳಿದ್ದ ಗಾಜಿನ ಬೀರುವಿಗೆ ಬೆನ್ನು ಕೊಟ್ಟು ಅಧ್ಯಕ್ಷ ಚನ್ನಮಲ್ಲಪ್ಪ ಕೂತಿದ್ದ. ಅಮರೇಶ ಮೂಲೆಯಲ್ಲಿ ನೆಲ ನೋಡುತ್ತಿದ್ದ. ಬಾಳೇಶ ಬಂದಿರಲಿಲ್ಲ.

"ನಮ್ಮ ಟೀಮಿನ ಮಾನ ಹೋಯ್ತಲ್ಲಮ್ಮ," ಎಂದ ಚನ್ನಮಲ್ಲಪ್ಪ. "ದೊಡ್ಡ ಮನೆ ಸೊಸೆ ನೀನು. ಆಟ ಅಂದ್ರೆ ಏನು, ಗಂಡಸರ ದಮ್ಮು ಅಂದ್ರೆ ಏನು ಅಂತ ನಿಮಗೇನು ಗೊತ್ತು? ಒಂದು ತಪ್ಪಾಯ್ತು ಅಂತ ಹೇಳ್ಬಿಡು, ಮುಗಿಸೋಣ."

"ತಪ್ಪಾಯ್ತು," ಎಂದಳು ಅಂಬುಜಾ. ಹೊರಡಬೇಕಿತ್ತು. ಆದರೆ ಬಾಗಿಲ ಹತ್ತಿರ ಜೀವನ್ ಫೋನು ಹಿಡಿದು ಮುಸಿಮುಸಿ ನಗುತ್ತಿದ್ದುದು ಕಂಡಿತು. "ಶೈಲಾ ಬಗ್ಗೆ ಟೀ ಅಂಗಡೀಲಿ ಇವರು ಕಟ್ಟಿದ್ರಲ್ಲ, ಅದಕ್ಕೆ ಯಾವಾಗ ಮೀಟಿಂಗು?" ಎಂದು ಕೇಳಿದಳು.

ಚನ್ನಮಲ್ಲಪ್ಪ ಜೀವನ್ ಕಡೆ ನೋಡಿದ.

"ಅದು ತಮಾಷೆ ಆಂಟಿ," ಎಂದ ಜೀವನ್. "ಹುಡುಗ್ರು ನಾವು, ನೂರು ಮಾತಾಡ್ತೀವಿ. ನೀವು ರೆಕಾರ್ಡೇ ಮಾಡ್ಬಿಟ್ರಲ್ಲ!"

ಕೋಣೆಗೆ ಕೋಣೆಯೇ ನಕ್ಕಿತು. ಮುನಿರಾಜು ಎದ್ದು ಬಂದು ಅವಳ ತೋಳು ಹಿಡಿದು ಹೊರಗೆ ಕಳಿಸಿದ.

ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ಹಿಂದೆ ಅಮರೇಶ ಬಂದು ನಿಂತ. ಇಷ್ಟು ಹತ್ತಿರದಿಂದ ಅವಳು ಅವನನ್ನು ನೋಡಿರಲಿಲ್ಲ. ಹುಬ್ಬಿನ ಮೇಲೊಂದು ಹಳೇ ಹೊಲಿಗೆಯ ಗುರುತು ಇತ್ತು. ಕತೆಯಲ್ಲಿ ಅದಿರಲಿಲ್ಲ.

"ಅಕ್ಕಾರ, ಒಂದು ಕೇಳ್ತೀನ್ರಿ."

"ಕೇಳಪ್ಪ."

"ಮಂದಿ ಬಾಳ್ಯಾನ ಹೆಸರು ಹಚ್ಚಿ ನಗ್ತಾರ, ನಗಲಿ ಬಿಡ್ರಿ. ಮೂಟಿ ಹೊರೋ ಮಂದಿ ನಾವು, ಇಂಥಾವು ಭಾಳ ಕೇಳೀವಿ. ಆದ್ರ ನಮ್ಮವ್ವನ್ನ ಯಾಕ ಸಾಯ್ಸಿದ್ರಿ? ಆಕಿ ಊರಾಗ ಆರಾಮ ಅದಾಳ್ರಿ. ನಿನ್ನೆ ಫೋನ್ ಮಾಡಿದ್ಲು. ಕಸ್ತೂರೆವ್ವ ಅಂತ ಹೆಸರು."

ಅಂಬುಜಾಳ ಬಾಯಿಯವರೆಗೆ ಎಲ್ಲ ಬಂತು. ಕಡೇ ಪಂಕ್ತಿ, ಕೈಯಲ್ಲಿದ್ದ ಸೌಟು, ಬಾರದ ಅಳು. ಒಳಗಡೆ ಫೋನಿನಲ್ಲಿ ತನ್ನದೇ ಧ್ವನಿ ಮತ್ತೆ ಶುರುವಾಗಿದ್ದು ಕೇಳಿತು. ಅದರ ಮೇಲೆ ಇನ್ನೊಂದು ಕತೆ ಹೇಳುವುದು ಹೇಗೆ?

"ಅವರು ನೂರು ವರ್ಷ ಬಾಳ್ಲಿ," ಎಂದಳು. "ನಿನ್ನ ಹತ್ರ ತಪ್ಪಾಯ್ತು ಕಣಪ್ಪ. ಒಳಗೆ ಹೇಳಿದ್ದಲ್ಲ. ನಿನ್ನ ಹತ್ರ."

ಅವನು ತಲೆ ಆಡಿಸಿದ. ಒಪ್ಪಿದನೋ ಇಲ್ಲವೋ ತಿಳಿಯಲಿಲ್ಲ.

ಈ ವರ್ಷದ ಟೂರ್ನಮೆಂಟಿಗೆ ಅಂಬುಜಾಳನ್ನು ಕಳಿಸಲಿಲ್ಲ. ಪಂಕಜಾ ಹೋಗಿದ್ದಳು. ಬಂದು ಹೇಳಿದ್ದು ಅವಳೇ. ಸೆಮಿಫೈನಲ್ಲಿನಲ್ಲಿ ಅಮರೇಶ ಗೆರೆ ದಾಟಿ "ಕಬಡ್ಡಿ, ಕಬಡ್ಡಿ" ಎಂದು ದಮ್ಮು ಹಿಡಿದ ಕೂಡಲೇ ಒಂದು ಮೂಲೆಯಿಂದ ಯಾರೋ ಹೆಣ್ಣುಧ್ವನಿ ಮಾಡಿ, "ಅಳಬೇಡ ಕಣೋ, ನಾನಿದೀನಿ!" ಎಂದು ಕೂಗಿದರು. ಆಮೇಲೆ ಎಲ್ಲ ಮೂಲೆಯಿಂದಲೂ ಬಂತು. ಎದುರು ತಂಡದವರು ಕೂಗಿದ್ದರೆ ಒಂದು ಮಾತು. ಕೂಗಿದವರು ಸಂಘದ ಬನಿಯನ್ನು ತೊಟ್ಟ ಹುಡುಗರು. ಮೂರನೇ ರೈಡಿನಲ್ಲಿ ಅಮರೇಶ ಎದುರು ಅಂಕಣದ ನಟ್ಟನಡುವೆ ನಿಂತುಬಿಟ್ಟ. ಯಾರೂ ಅವನನ್ನು ಹಿಡಿದಿರಲಿಲ್ಲ. ದಮ್ಮು ಕಡಿದಿತ್ತು.

"ರೆಫರಿ ಔಟ್ ಕೊಟ್ಟ," ಎಂದಳು ಪಂಕಜಾ. "ಅವನು ಅಂಕಣದಿಂದ ಆಚೆ ಹೋದವನು ವಾಪಸ್ ಬರ್ಲೇ ಇಲ್ಲ ಕಣೇ. ಬಾಳೇಶನೂ ಬನಿಯನ್ನು ಬಿಚ್ಚಿಟ್ಟು ಅವನ ಹಿಂದೇನೇ ಹೊರಟುಹೋದ. ನಾವು ಸೋತ್ವಿ."

ಸೋತದ್ದಕ್ಕೆ ಕಾರಣ ಹುಡುಕಲು ಸಂಘಕ್ಕೆ ಕಷ್ಟವಾಗಲಿಲ್ಲ. ಹೆಂಗಸರ ಬಾಯಿಗೆ ಬಿದ್ದರೆ ಯಾವ ಟೀಮು ಉದ್ಧಾರವಾದೀತು ಎಂದು ಚನ್ನಮಲ್ಲಪ್ಪ ಮೈಕಿನಲ್ಲೇ ಹೇಳಿದನಂತೆ. ಮುಂದಿನ ವರ್ಷದಿಂದ ಜನರೇಟರ್ ಪಕ್ಕದ ಹೆಂಗಸರ ಜಾಗವೂ ಬೇಡವೆಂದು ತೀರ್ಮಾನವಾಯಿತು. ಶಬ್ದಕ್ಕೆ ಹೆಂಗಸರಿಗೆ ತೊಂದರೆಯಾಗುತ್ತದೆ ಎಂದು ಕಾರಣ ಕೊಟ್ಟರು.

ಒಂದಷ್ಟು ದಿನ ಜಗುಲಿ ಖಾಲಿ ಇತ್ತು. ಮದುವೆ ಕಾಲ ಬಂದು ಸೀರೆಗಳು ಜಾಸ್ತಿಯಾದಾಗ ಹೆಂಗಸರು ಒಬ್ಬೊಬ್ಬರಾಗಿ ಮರಳಿದರು. ಚೈತ್ರ ಕಡೆಗೆ ಬಂದಳು. ಅಂಬುಜಾ ಅವಳ ಮುಂದೆ ಮಣಿಯ ಡಬ್ಬಿ ಸರಿಸಿದಳು. ಚೈತ್ರ ತನ್ನ ಫೋನನ್ನು ಆರಿಸಿ, ಎಲ್ಲರಿಗೂ ಕಾಣುವಂತೆ ಹೊಸಿಲ ಮೇಲಿಟ್ಟಳು.

ಒಂದು ಸೆರಗಿನ ಕುಚ್ಚು ಪೂರ್ತಿ ಮುಗಿಯಿತು. ಕೊನೆಗೆ ತಡೆಯಲಾರದೆ ಪಂಕಜಾ, "ಹೇಳೇ ಅಂಬುಜಾ," ಎಂದಳು. "ಯಾರೂ ಇಲ್ಲ. ಆಮೇಲೆ ಏನಾಯ್ತು?"

ಅಂಬುಜಾ ದಾರದ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹರಿದಳು.

"ಆಮೇಲೆ ಆ ಅತ್ತೆ ಪಾಯಸಕ್ಕೆ ವಿಷ ಹಾಕಿಬಿಟ್ಲು ಕಣ್ರೇ," ಎಂದಳು.

ಹೆಂಗಸರೆಲ್ಲ ಬೆಚ್ಚಿ ಗೇಟಿನ ಕಡೆ ತಿರುಗಿದರು. ಗೇಟು ಹಾಕಿಯೇ ಇತ್ತು. ಮೂಲೆಯಲ್ಲಿ ಮುನಿಲಕ್ಷ್ಮಮ್ಮ ಸೊಪ್ಪು ಬಿಡಿಸುತ್ತಿದ್ದಳು. ಅವಳು ಕೆಮ್ಮಿರಲಿಲ್ಲ.