ಹುಲ್ಲಿನ ಮಷೀನಿಗೆ ಖಂಡೆಪೂಜೆ

ಮೂವತ್ತು ದಾಟಿದರೂ, ನಾನು ಮಾಡುವ ಕೆಲಸ ಏನೆಂದು ನಮ್ಮವ್ವನಿಗೆ ತಿಳಿಸಿ ಹೇಳಲು ನನ್ನಿಂದ ಆಗಿರಲಿಲ್ಲ. ಬೀದರಿನಲ್ಲಿ ದೊಡ್ಡ ಸಾಹೇಬರ ಬಂಗಲೆಯ ಮುಂದೆ ಟೆನಿಸ್ ಆಡಲು ಹುಲ್ಲಿನ ಅಂಗಳವೊಂದಿತ್ತು. ಆ ಹುಲ್ಲು ಕತ್ತರಿಸಲು ಹೈದರಾಬಾದಿನಿಂದ ಪೆಟ್ರೋಲಿನ ಮಷೀನು ಬಂದಿತ್ತು. ಅದನ್ನು ನಡೆಸುವವನು ನಾನು. ಇಷ್ಟೇ ವಿಷಯ. ಆದರೆ ಔರಾದಕ್ಕೆ ಹೋದಾಗಲೆಲ್ಲ ಅವ್ವ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ.

"ಕೊಯ್ದ ಹುಲ್ಲು ಯಾವ ದನಕ್ಕ ಹಾಕ್ತೀರಿ?"

"ಯಾವ ದನಕ್ಕೂ ಇಲ್ಲವ್ವ."

"ಹಂಗಂದ್ರ ಅದು ಕೆಲಸ ಹ್ಯಾಂಗಾತೋ?"

ಸಾಹೇಬರ ಆಕಳು ಕೂಡ ಆ ಹುಲ್ಲನ್ನು ಮೂಸಿ, ಪೆಟ್ರೋಲಿನ ನಾತಕ್ಕೆ ಮುಖ ತಿರುವುತ್ತಿತ್ತು. ಊರಲ್ಲಿ ಅಪ್ಪನ ಮೊಣಕಾಲು ಕೈಕೊಟ್ಟಿದ್ದವು, ಹಿಂಗಾರಿ ಬಿತ್ತನೆಗೆ ತಮ್ಮನೊಬ್ಬನೇ ಇದ್ದ. ನಾನು ವಾಪಸು ಬರಬೇಕೆಂದು ಅವ್ವನ ಹಟ. ನನಗೋ ಆ ಮಷೀನು ಬಿಡಲು ಮನಸ್ಸಿರಲಿಲ್ಲ, ಅದರ ಮೇಲೆ ನನಗೆ ಪ್ರೀತಿ ಹುಟ್ಟಿತ್ತು. ಕೊನೆಗೊಮ್ಮೆ ರೇಗಿ ಅಂದುಬಿಟ್ಟೆ: "ನೀನಽ ಬಂದು ನೋಡು. ನಿನಗ ಸರಿ ಕಾಣಲಿಲ್ಲಂದ್ರ ನಿನ್ನ ಜೋಡಿನೇ ಊರಿಗೆ ಬರ್ತೇನಿ."

ನಮ್ಮವ್ವ ಮಾತು ಹಿಡಿಯುವುದರಲ್ಲಿ ಗಟ್ಟಿಗಿತ್ತಿ. ಮಹಾನವಮಿಯ ಹಿಂದಿನ ದಿನ ಭಾಲ್ಕಿಯವರೆಗೆ ಬಂಡಿಯಲ್ಲಿ, ಅಲ್ಲಿಂದ ರೈಲಿನಲ್ಲಿ ಬಂದೇ ಬಂದಳು. ಗಂಟಿನಲ್ಲಿ ಹೋಳಿಗೆ, ಅರಿಶಿನ ಕುಂಕುಮ, ಹಿತ್ತಾಳೆಯ ಆರತಿ ತಟ್ಟೆ. "ನಿನ್ನ ಮಷೀನಿಗೆ ಖಂಡಿಪೂಜಿ ನಾನಽ ಮಾಡ್ತೇನಿ" ಅಂದಳು. ನಮ್ಮ ಕಡೆ ಮಹಾನವಮಿಯಂದು ನೇಗಿಲು, ಬಿತ್ತುವ ಕೂರಿಗೆ, ಕುಡುಗೋಲು ಎಲ್ಲಕ್ಕೂ ಆರತಿ ಆಗುತ್ತದೆ. ಹಾಗಾದರೆ ಅವ್ವ ನನ್ನ ಮಷೀನನ್ನು ಕೂರಿಗೆಯ ಸಾಲಿನಲ್ಲಿ ಕೂರಿಸಲು ಒಪ್ಪಿದಂತೆಯೇ! ನಾನು ಹಿಗ್ಗಿ ಹೀರೇಕಾಯಿಯಾದೆ.

ಆ ಹಿಗ್ಗಿನಲ್ಲೇ ಬುದ್ಧಿ ಕೆಟ್ಟದ್ದು. ಪೆಟ್ರೋಲು ತುಂಬುವ ರೀತಿಯನ್ನು ನನಗೆ ಕಲಿಸಿದವರು ಸಾಹೇಬರ ಮೋಟಾರು ನಡೆಸುತ್ತಿದ್ದ ಉಸ್ತಾದರು. ಇಂಜಿನ್ ತಣ್ಣಗಾಗದೆ ಟಾಕಿಯ ಮುಚ್ಚಳ ಮುಟ್ಟಬಾರದು. ಮಷೀನು ಇಡುವ ಕೋಣೆಯೊಳಗೆ ತುಂಬಬಾರದು, ಬಯಲಿಗೆ ತಳ್ಳಿಕೊಂಡು ಬರಬೇಕು. ಬಾಯಿಮಟ್ಟ ತುಂಬಬಾರದು, ಎರಡು ಬೆರಳು ಜಾಗ ಬಿಡಬೇಕು. ಇವನ್ನೆಲ್ಲ ನಾನು ಎರಡು ವರ್ಷ ಚಾಚೂ ತಪ್ಪದೆ ಪಾಲಿಸಿದ್ದೆ. ಆದರೆ ನಮ್ಮ ಮನೆಯಲ್ಲಿ ಖಂಡೆಪೂಜೆಯ ದಿನ ಯಾವುದೂ ಬರಿದಾಗಿ ಇರಬಾರದೆಂಬ ಪದ್ಧತಿ. ಬಂಡಿಯ ಗಾಲಿಗೆ ಹಾಕುವ ಎಣ್ಣೆಯ ಬಿದಿರಿನ ಕೊಳವೆಯನ್ನು ಕೂಡ ಅಂದು ತುಳುಕುವಂತೆ ತುಂಬಿಟ್ಟೇ ಪೂಜೆ. ನಾನೂ ಹಾಗೆಯೇ, ಬಾಳೆಕಂಬ ಕಟ್ಟಿ ಸಿಂಗರಿಸಿದ್ದ ಮಷೀನನ್ನು ಹೊರಗೆ ತರುವುದೇಕೆಂದು, ಕೋಣೆಯೊಳಗೇ ಟಾಕಿಯನ್ನು ತುಳುಕುವಂತೆ ತುಂಬಿದೆ. ತುಳುಕಿದ್ದು ಕೆಳಗಿನ ರಂಗೋಲಿಯ ಮೇಲೆ ಹರಿಯಿತು. ಒರೆಸಲು ಬಟ್ಟೆ ಹುಡುಕುತ್ತ ತಲೆ ಎತ್ತಿದರೆ, ಅವ್ವ ಐದು ಬತ್ತಿಯ ಆರತಿ ಹಚ್ಚಿಕೊಂಡು ಅಂಗಳ ದಾಟಿ ಬರುತ್ತಿದ್ದಳು.

"ಅಲ್ಲೇ ನಿಂದ್ರು!" ಎಂದು ಕಿರುಚಿದೆ.

ಹೆತ್ತ ತಾಯಿಯ ಮೇಲೆ ಹಾಗೆ ಕಿರುಚಿದ್ದು ಅದೇ ಮೊದಲು, ಅದೇ ಕೊನೆ. ಉರಿಯುವ ಆರತಿಗೆ ಅಡ್ಡ ಬರುವುದು ನಮ್ಮಲ್ಲಿ ದೊಡ್ಡ ಅಪಶಕುನ. ಅವ್ವನ ಮುಖ ಕಪ್ಪಿಟ್ಟಿತು. ಹಿಂದಕ್ಕೆ ಹೋಗಿ, ದೂರದ ಬೇವಿನ ಮರದ ಕೆಳಗೆ ತಟ್ಟೆ ಇಟ್ಟು, ನನ್ನ ಕಡೆ ಬೆನ್ನು ಮಾಡಿ ಕುಳಿತಳು. ಹೋಳಿಗೆ ಊಟಕ್ಕೆಂದು ಬಂದ ಉಸ್ತಾದರು ಕೋಣೆಯ ನಾತ ಮೂಗಿಗೆ ಬಡಿದೊಡನೆ ನನ್ನ ಕಡೆ ಕೆಕ್ಕರಿಸಿದರು. ಬತ್ತಿಗಳು ಆರಿದ ಮೇಲೆ ಇಬ್ಬರೂ ಸೇರಿ ಮಷೀನನ್ನು ಬಯಲಿಗೆ ತಳ್ಳಿ, ಟಾಕಿಯನ್ನು ಪೂರ್ತಿ ಖಾಲಿ ಮಾಡಿದೆವು. ಆಮೇಲೆ ಅವರು ಅವ್ವನ ಮುಂದೆ ಹೋಗಿ ಕುಕ್ಕರುಗಾಲಲ್ಲಿ ಕುಳಿತರು.

"ಅವ್ವಾರ, ಮಗನ ಮ್ಯಾಲ ಸಿಟ್ಟಾಗಬ್ಯಾಡ್ರಿ. ಇದ ನೋಡ್ರಿ" ಎಂದು ತಲೆಯ ರುಮಾಲು ಸರಿಸಿದರು. ಹಣೆಯಿಂದ ಕಿವಿಯವರೆಗೆ ಸುಟ್ಟ ಚರ್ಮ. ಎರಡು ವರ್ಷ ಜೊತೆಗಿದ್ದರೂ ನಾನು ಅದನ್ನು ಕಂಡಿರಲಿಲ್ಲ. "ದೀಪ ಹತ್ತ ಹೆಜ್ಜಿ ದೂರ ಇತ್ರಿ. ಪೆಟ್ರೋಲಿನ ಆವಿ ಹೋಗಿ ದೀಪಾನ ಕರಕೊಂಡು ಬಂತು."

ಅವ್ವನ ಸಿಟ್ಟೇನೋ ಇಳಿಯಿತು. ಆದರೆ ಅದರ ಜಾಗದಲ್ಲಿ ಭಯ ಹತ್ತಿತು. "ಇಂಥಾದರ ಬಾಯಾಗ ದಿನಾ ಕೈ ಇಡ್ತೀ ಏನೋ? ಸಾಕು ನಡಿ, ನಾಳಿಗಿ ಊರಿಗಿ ಹೋಗೂಣು" ಎಂದು ಅಂದೇ ನನ್ನ ಬಟ್ಟೆಗಳನ್ನೂ ಸೇರಿಸಿ ಗಂಟು ಕಟ್ಟಿದಳು. ಮಾತು ಕೊಟ್ಟವನು ನಾನು, ಹೊರಡಲೇಬೇಕಿತ್ತು. ಮರುದಿನ ಸಂಜೆ ಸಾಹೇಬರ ಮನೆಗೆ ಆಟಕ್ಕೆ ಅತಿಥಿಗಳು ಬರುವವರಿದ್ದರು. ಬೆಳಿಗ್ಗೆ ಅಂಗಳವೊಂದನ್ನು ಕೊಯ್ದುಕೊಟ್ಟು ಬರ್ತೇನಿ ಎಂದೆ.

ಬೆಳಿಗ್ಗೆ ಅವ್ವ ಗಂಟಿನ ಸಮೇತ ದೂರದ ಕಲ್ಲಿನ ಮೇಲೆ ಕುಳಿತಳು. ನಾನು ಮಷೀನನ್ನು ಬಯಲಿಗೆ ತಂದೆ. ಇಂಜಿನ್ ಮೇಲೆ ಅಂಗೈ ಇಟ್ಟು ನೋಡಿದೆ, ತಣ್ಣಗಿತ್ತು. ಸುತ್ತಮುತ್ತ ಬೀಡಿ ಸೇದುವವರಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡೆ. ಸೋಸಲು ಬಟ್ಟೆ ಹಾಕಿದ ಲಾಳಿಕೆಯನ್ನು ಟಾಕಿಯ ಬಾಯಿಗೆ ಕೂರಿಸಿ, ಡಬ್ಬಿಯನ್ನು ಬಗ್ಗಿಸಿ ಸಣ್ಣ ಧಾರೆಯಲ್ಲಿ ಸುರಿದೆ. ಕಣ್ಣು ಧಾರೆಯ ಮೇಲೆ, ಕಿವಿ ಟಾಕಿಯೊಳಗಿನ ಸದ್ದಿನ ಮೇಲೆ. ಎರಡು ಬೆರಳು ಜಾಗ ಉಳಿದಾಗ ನಿಲ್ಲಿಸಿದೆ. ಮುಚ್ಚಳ ಬಿಗಿದೆ, ಹೊರಗೆ ತಗುಲಿದ್ದ ಹನಿಯನ್ನು ಒರೆಸಿ ಆರಲು ಬಿಟ್ಟೆ. ಡಬ್ಬಿಯನ್ನು ಅದರ ಜಾಗಕ್ಕೆ ಮುಟ್ಟಿಸಿ ಬಂದೆ. ಮಷೀನನ್ನು ಹತ್ತು ಹೆಜ್ಜೆ ಆಚೆ ತಳ್ಳಿಕೊಂಡು ಹೋಗಿ, ಆಗ ಚಾಲೂ ಮಾಡಿದೆ. ಕೊನೆಯ ಸಲವೆಂದುಕೊಂಡಿದ್ದೆ, ಆದ್ದರಿಂದ ಯಾವುದಕ್ಕೂ ಅವಸರ ಮಾಡಲಿಲ್ಲ.

ಕೊಯ್ದು ಮುಗಿಸಿ ಅವ್ವನ ಬಳಿ ಬಂದೆ. ಅವಳು ಹುಲ್ಲಿನ ಕಡೆ ನೋಡುತ್ತಲೇ ಇರಲಿಲ್ಲ. ನನ್ನನ್ನೇ ನೋಡುತ್ತಿದ್ದಳು.

"ನಿಮ್ಮಪ್ಪ ಕೂರಿಗಿ ಬಟ್ಟಲಕ್ಕ ಬೀಜ ಬಿಡೋ ಮುಂದ ಹಿಂಗಽ ಇರ್ತಿದ್ದ. ಕರದ್ರ ಕೇಳ್ತಿದ್ದಿಲ್ಲ" ಅಂದಳು.

ಇಬ್ಬರೂ ಸ್ಟೇಶನ್ನಿಗೆ ನಡೆದೆವು. ಗಂಟು ನನ್ನ ತಲೆಯ ಮೇಲಿತ್ತು. ಭಾಲ್ಕಿಯ ಕಡೆ ಹೋಗುವ ಗಾಡಿ ಬಂದು ನಿಂತಾಗ ಅವ್ವ ಗಂಟು ಇಳಿಸಿಕೊಂಡು ಬಿಚ್ಚಿ, ನನ್ನ ಬಟ್ಟೆಗಳನ್ನು ಒಂದೊಂದಾಗಿ ತೆಗೆದು ನನ್ನ ಕೈಗಿಟ್ಟಳು.

"ಹೊಲಕ್ಕ ನಿನ್ನ ತಮ್ಮ ಅದಾನ. ಇದಕ್ಕ ನೀನಽ ಬೇಕು. ಜ್ವಾಕಿ."

ಖುಷಿಯಿಂದ ಕುಣಿಯುವುದೊಂದು ಬಾಕಿ. ಗಾಡಿ ಮರೆಯಾಗುವವರೆಗೂ ಕೈ ಬೀಸಿದೆ, ಬಟ್ಟೆಗಳನ್ನು ಎದೆಗವಚಿಕೊಂಡು ಬಂಗಲೆಯ ದಾರಿ ಹಿಡಿದೆ. ಅರ್ಧ ದಾರಿಗೆ ಬಂದಾಗ ಹೊಳೆಯಿತು, ಇನ್ನು ಮುಂದೆ ಅವ್ವ ನನ್ನನ್ನು ಊರಿಗೆ ಬಾ ಎಂದು ಕರೆಯುವುದಿಲ್ಲ. ಅಲ್ಲೇ ರಸ್ತೆಯ ಬದಿಯಲ್ಲಿ ಕುಳಿತು ಸ್ವಲ್ಪ ಹೊತ್ತು ಅತ್ತೆ.