ಕಾಕು ಮನೆಯ ಒದ್ದೆ ಗೋಡೆ

ಹಿಂದಿನ ಬಾಲ್ಕನಿಯಲ್ಲಿ ನಿಂತು ಬಟ್ಟೆ ಒಣಹಾಕುವಾಗ ನಮಗೆ ಈಜುಕೊಳ ಕಾಣುತ್ತದೆ. ಗೋವಾದ ಕೆಪೆ ಊರಿನ ಈ ಕಟ್ಟಡದಲ್ಲಿ ಫ್ಲ್ಯಾಟು ಕೊಳ್ಳುವ ಮೊದಲು ಬಿಲ್ಡರ್ ತೋರಿಸಿದ ಚಿತ್ರದಲ್ಲಿ ಅದರ ಸುತ್ತ ಆರಾಮಕುರ್ಚಿಗಳಿದ್ದವು. ಕಪ್ಪು ಕನ್ನಡಕದ ಹೆಂಗಸೊಬ್ಬಳು ಒಂದರಲ್ಲಿ ಮಲಗಿದ್ದಳು. ಬಂದು ನೆಲೆಸಿದ ಮೇಲೆ ನಾನು ಕಂಡದ್ದು ಪಾಚಿಗಟ್ಟಿದ ನೀರು, ಅದರ ಮೇಲೆ ತೇಲುವ ಗೇರಿನ ಎಲೆ, ಅಂಚಿನಲ್ಲಿ ಕೂತು ಒಳಗೆ ಇಣುಕುವ ಕಾಗೆ.

ಆ ಕೊಳದ ಅಂಚಿನುದ್ದಕ್ಕೂ ಒಂದು ಕಿರಿದಾದ ಗಟಾರು ಇದೆ. ಅದರ ಮೇಲೆ ಬಿಳಿ ಪ್ಲಾಸ್ಟಿಕ್ಕಿನ ಜಾಲರಿ. ಕೊಳ ತುಂಬಿದರೆ ಹೆಚ್ಚಿನ ನೀರು ಆ ಗಟಾರಿಗೆ ಹರಿಯುತ್ತದೆ. ಮಳೆಗಾಲದಲ್ಲಿ ನಾನು ನೋಡುತ್ತಿದ್ದೆ: ಕೊಳ ಉಕ್ಕುತ್ತದೆ, ಗಟಾರಿಗೆ ಬೀಳುತ್ತದೆ, ಆದರೆ ಗಟಾರು ಮಾತ್ರ ಒಮ್ಮೆಯೂ ತುಂಬಿ ಮೇಲೆ ಬರುವುದಿಲ್ಲ. ಕಾಂಪೌಂಡಿನ ಹೊರಗಿನ ಮೋರಿಯಲ್ಲೂ ಆ ನೀರು ಬಂದು ಸೇರುವುದು ಕಾಣುವುದಿಲ್ಲ. ಗೋವಾದ ಮಳೆ ಎಂದರೆ ಕೊಡ ಬೋರಲು ಹಾಕಿದಂಥದ್ದು. ಅಷ್ಟೂ ನೀರು ಎಲ್ಲಿಗೆ ಹೋಗುತ್ತದೆ?

ಪೇಟೆಯಲ್ಲಿ ಸ್ಟೀಲು ಪಾತ್ರೆಯ ಅಂಗಡಿ ಇಟ್ಟಿರುವ ನಮ್ಮವರನ್ನು ಕೇಳಿದೆ. ಅವರು ಊಟದ ತಟ್ಟೆಯಿಂದ ತಲೆ ಎತ್ತಲಿಲ್ಲ.

"ಎಲ್ಲ್ಯರ ಹೋಗವಲ್ದ್ಯಾಕ. ನಮ್ಮ ಮನ್ಯಾಗಂತೂ ಬಂದಿಲ್ಲಲಾ?"

ನಮ್ಮ ಮನೆಗೆ ಬಂದಿರಲಿಲ್ಲ, ನಿಜ. ಕಾಕು ಮನೆಗೆ ಬಂದಿತ್ತು.

ನಾವೆಲ್ಲ ಕಾಕು, ಅಂದರೆ ಚಿಕ್ಕಮ್ಮ, ಎಂದು ಕರೆಯುವ ಅವರು ಬೆಳಗಾವಿಯವರು, ನಮ್ಮ ಕೆಳಗೆ ನೆಲಮಹಡಿಯಲ್ಲಿದ್ದಾರೆ. ಅವರ ಗಂಡ ಕಾಕಾ ಮುರ್ಮುಗಾಂವ್ ಬಂದರಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಬಂದ ಹಣವೆಲ್ಲ ಈ ಮನೆಗೇ ಹಾಕಿದ್ದರು. ಗುಡ್ಡ ಕಡಿದು ಕಟ್ಟಿದ ಕಟ್ಟಡ ನಮ್ಮದು. ಆದ್ದರಿಂದ ಹಿಂಬದಿಯಲ್ಲಿ ಕೊಳ ಎತ್ತರದಲ್ಲಿದೆ, ಕಾಕು ಮಲಗುವ ಕೋಣೆ ತಗ್ಗಿನಲ್ಲಿದೆ. ಆ ಕೋಣೆಯ ಗೋಡೆ ವರ್ಷವಿಡೀ ಒದ್ದೆ. ಬಣ್ಣ ಹಪ್ಪಳದ ಹಾಗೆ ಎದ್ದು ಉದುರುತ್ತಿತ್ತು. ಕಪಾಟಿನಲ್ಲಿಟ್ಟ ಇಳಕಲ್ ಸೀರೆಗಳಿಗೆ ಬೂಷ್ಟು ಬಂದಿತ್ತು. ಸೀರೆಯದು ಹೋಗಲಿ, ಕಾಕಾಗೆ ದಮ್ಮು. ಗೋಡೆಯಿಂದ ದೂರವಿರಲೆಂದು ಮಂಚವನ್ನು ಕೋಣೆಯ ನಟ್ಟನಡುವೆ ಎಳೆದಿಟ್ಟಿದ್ದರು. ಬಾಗಿಲು ಅರ್ಧ ಮಾತ್ರ ತೆರೆಯುತ್ತಿತ್ತು. ಗೋಡೆ ಒಣಗಿಸಿ, ಇಲ್ಲವಾದರೆ ಮನೆ ಬದಲಿಸಿ ಎಂದು ಡಾಕ್ಟರು ಹೇಳಿಬಿಟ್ಟಿದ್ದರು.

"ಮಾರಿ ಬೆಳಗಾವಿಗಿ ಹೋಗೂಣಂದ್ರ, ಈ ಗ್ವಾಡಿ ನೋಡಿ ಯಾರ ತಗೋತಾರವ್ವಾ?" ಎನ್ನುತ್ತಿದ್ದರು ಕಾಕು.

ಮಂಚದ ಮೇಲಿಂದ ಕಾಕಾ, "ಗ್ವಾಡಿ ಬಿಡ, ನನ್ನನ್ನ ಯಾರ ತಗೋತಾರ ಕೇಳ" ಎನ್ನುತ್ತಿದ್ದರು. ಅಷ್ಟಕ್ಕೇ ಕೆಮ್ಮು ಬರುತ್ತಿತ್ತು.

ಬಿಲ್ಡರ್ ಕಡೆಯ ಮ್ಯಾನೇಜರ್ ಆಗಾಗ ಬರುತ್ತಿದ್ದ. ಗೋವಾದವನೇ, ಕುಂಡಯಿಯಲ್ಲಿ ಕಾರ್ಖಾನೆಗಳನ್ನು ಕಟ್ಟಿಸುವಾಗ ನಮ್ಮ ಕಡೆಯ ಕೂಲಿಯವರಿಂದ ಕನ್ನಡ ಕಲಿತವನು. ಹಾಗಾಗಿ ಅವನಿಗೆ ಬರುತ್ತಿದ್ದದ್ದೆಲ್ಲ ಅಪ್ಪಣೆಯ ಕನ್ನಡ: ಎತ್ತು, ಇಳಿಸು, ಲಗೂ ಮಾಡು. ನಮ್ಮೊಂದಿಗೆ ಮಾತಾಡುವಾಗ ಮರ್ಯಾದೆಗೆಂದು ಕೊನೆಗೊಂದು 'ರೀ' ಅಂಟಿಸುತ್ತಿದ್ದ, ಹೆಂಗಸರನ್ನು ಕೊಂಕಣಿಯವರಂತೆ 'ಬಾಯ್' ಎನ್ನುತ್ತಿದ್ದ. "ಕೊಳ ತಗೋ ರೀ, ಸಹಿ ಹೊಡಿ ರೀ" ಎನ್ನುವುದು ಅವನ ಬೇಡಿಕೆ. ಸಹಿ ಬಿದ್ದರೆ ಕೊಳ ನಿವಾಸಿಗಳ ಸಂಘದ್ದು, ಅಲ್ಲಿಂದಾಚೆಗೆ ಅದರ ರಿಪೇರಿಯೂ ನಮ್ಮದೇ. ಸಂಘದ ಅಧ್ಯಕ್ಷರು ಧಾರವಾಡದ ಬಟ್ಟೆ ವ್ಯಾಪಾರಿ, ಜಗಳವಾಡದ ಮನುಷ್ಯ. ನೋಡೋಣ, ನೋಡೋಣ ಎನ್ನುತ್ತ ಮುಂದೆ ದೂಡುತ್ತಿದ್ದರು. ಕಾಕು ಮನೆಯ ಗೋಡೆಯ ಮಾತು ಬಂದರೆ ಮ್ಯಾನೇಜರ್, "ಅದು ಮಳೆ ನೀರು, ಬಾಯ್. ಗೋವಾದಲ್ಲಿ ಯಾವ ಗೋಡೆ ಒದ್ದೆ ಇಲ್ಲ ರೀ?" ಎಂದು ನಗುತ್ತಿದ್ದ.

ಶ್ರಾವಣದಲ್ಲಿ ಇದ್ದಕ್ಕಿದ್ದಂತೆ ಕೊಳ ನೀಲಿಯಾಯಿತು. ಆಳುಗಳು ಬಂದು ಪಾಚಿ ಉಜ್ಜಿದರು, ಔಷಧಿ ಹಾಕಿದರು, ಟ್ಯಾಂಕರ್ ಬಂದು ನೀರು ಬಿಟ್ಟು ಹೋಯಿತು. ಬಾಲ್ಕನಿಯಿಂದ ನೋಡಿದರೆ ತಳದ ಟೈಲುಗಳ ಗೆರೆಗಳೂ ಕಾಣಿಸುತ್ತಿದ್ದವು. ಹೆಂಗಸರೆಲ್ಲ ಕೆಳಗಿಳಿದು ಬೆರಳದ್ದಿ ನೋಡಿದೆವು. ನಮ್ಮ ಕಡೆ ಹೊಸ ಬಾವಿಯಾಗಲಿ ಬೋರ್ ಆಗಲಿ, ನೀರು ಕಂಡ ಮೇಲೆ ಗಂಗವ್ವನ ಪೂಜೆ ಆಗದೆ ಯಾರೂ ಅದನ್ನು ಮುಟ್ಟುವುದಿಲ್ಲ. ನಾವಾಗಲೇ ಬೆರಳದ್ದಿಬಿಟ್ಟಿದ್ದೆವಲ್ಲ! ಹಾಗೆಂದು ಕಾಕುವೇ ಮೊದಲು ಹೇಳಿದ್ದು.

"ಶುಕ್ರವಾರ ಮಾಡೂಣ. ಕೊಳ ಯಾರದರ ಇರವಲ್ದ್ಯಾಕ, ಗಂಗವ್ವ ಎಲ್ಲಾರಾಕಿ."

ಸುದ್ದಿ ತಿಳಿದ ಮ್ಯಾನೇಜರ್ ತುಂಬ ಖುಷಿಪಟ್ಟ. ತೆಂಗಿನಕಾಯಿ ತಂದ, ಪೇಢೆ ತಂದ, ಚೆಂಡುಹೂವಿನ ಮಾಲೆಯನ್ನೂ ತಂದ. ನನಗೆ ಅದು ವಿಚಿತ್ರ ಎನಿಸಿತು. ಅವನು ಅಷ್ಟು ದಿನ ಒಂದು ಬಲ್ಬು ಬದಲಿಸಿ ಎಂದರೂ ಬದಲಿಸಿದವನಲ್ಲ. ಆದರೆ ಅರಿಸಿನ ಕುಂಕುಮದ ನಡುವೆ ಅದನ್ನು ಮರೆತೆ. ಅಂಚಿನ ಮೇಲೆ ರಂಗೋಲಿ ಹಾಕಿದೆವು, ಐದು ಕಲ್ಲಿಟ್ಟು ಪೂಜಿಸಿದೆವು, ಕುಪ್ಪಸದ ಕಣ ಇಟ್ಟು ಉಡಿ ತುಂಬಿದೆವು. ಕೊನೆಗೆ ದೊಡ್ಡ ಪರಾತದಲ್ಲಿ ಅರಿಸಿನ ಸುಣ್ಣ ಕಲಸಿ ಕೆಂಪು ನೀರಿನ ಆರತಿ ಎತ್ತಿದೆವು. ಮ್ಯಾನೇಜರ್ ನಮ್ಮ ಮಧ್ಯೆ ಬಂದು ನಿಂತು ಫೋಟೋ ತೆಗೆಸಿಕೊಂಡ.

ಆರತಿಯ ನೀರನ್ನು ಕಾಲು ತುಳಿಯದ ಜಾಗದಲ್ಲಿ ಚೆಲ್ಲಬೇಕು. ಮನೆಯಲ್ಲಾದರೆ ತುಳಸಿ ಗಿಡದ ಬುಡವಿರುತ್ತದೆ. ಇಲ್ಲಿ ಎಲ್ಲೆಲ್ಲೂ ಸಿಮೆಂಟು. ಪರಾತ ನನ್ನ ಕೈಯಲ್ಲಿತ್ತು. ಸುತ್ತ ನೋಡಿ, ಜಾಲರಿಯ ಒಂದು ತುಂಡನ್ನೆತ್ತಿ ಗಟಾರಿನೊಳಗೆ ಚೆಲ್ಲಿದೆ. ಆಮೇಲೆ ರಂಗೋಲಿ, ಕುಂಕುಮ, ಅರಿಸಿನ ಎಲ್ಲವನ್ನೂ ಬಕೆಟ್ಟಿನಿಂದ ನೀರು ಹೊಯ್ದು ಅದರೊಳಕ್ಕೇ ತೊಳೆದೆವು. ಗುಟುಕ್ ಎಂದು ಕುಡಿದುಬಿಟ್ಟಿತು.

ಮರುದಿನ ಮುಂಜಾನೆ ಕಾಕು ಕೆಳಗಿನಿಂದ ಕೂಗಿದರು. ದನಿಯಲ್ಲಿ ಗಾಬರಿ ಇತ್ತು. ಹೋಗಿ ನೋಡಿದರೆ ಕೋಣೆಯ ಗೋಡೆಯಲ್ಲಿ, ಕಾಲನಿರ್ಣಯ ಕ್ಯಾಲೆಂಡರಿನ ಕೆಳಗೆ, ಅಂಗೈ ಅಗಲದ ಕೆಂಪು ಕಲೆ. ಅದರಿಂದ ಒಂದು ಎಳೆ ನೆಲದ ಕಡೆಗೆ ಇಳಿದಿತ್ತು.

"ನೆತ್ತರದಂಗ ಕಾಣತೈತಿ. ಪೂಜಾದಾಗ ಏನರ ತಪ್ಪಾತೇನ? ಇವರಿಗಿ ಹೇಳಬ್ಯಾಡ, ಒರಸಿ ಬಿಡತೀನಿ" ಎಂದು ಕಾಕು ಒದ್ದೆ ಬಟ್ಟೆ ಹಿಡಿದು ನಿಂತಿದ್ದರು.

"ನನಗ ಕಿವಿ ಐತಿ" ಎಂದರು ಕಾಕಾ.

ನಾನು ಕಾಕುವಿನ ಕೈ ಹಿಡಿದೆ. ಮೂಗು ಹತ್ತಿರ ಒಯ್ದು ನೋಡಿದೆ. ಒದ್ದೆ ಸುಣ್ಣದ ವಾಸನೆಯಷ್ಟೆ. ಆದರೆ ಆ ಬಣ್ಣ ನನಗೆ ಗೊತ್ತಿತ್ತು. ಹಿಂದಿನ ದಿನ ಪರಾತ ತೊಳೆದ ನನ್ನ ಉಗುರಿನ ಸಂದಿಯಲ್ಲಿ ಇನ್ನೂ ಅದೇ ಬಣ್ಣವಿತ್ತು. ಬೆರಳನ್ನು ಗೋಡೆಯ ಪಕ್ಕದಲ್ಲಿ ಹಿಡಿದೆ. ಕಾಕು ಒಮ್ಮೆ ಗೋಡೆ ನೋಡಿದರು, ಒಮ್ಮೆ ಬೆರಳು ನೋಡಿದರು, ಬಟ್ಟೆಯನ್ನು ಕೆಳಗಿಟ್ಟರು.

ಆ ಭಾನುವಾರ ಪಾರ್ಕಿಂಗಿನಲ್ಲಿ ಸಂಘದ ಸಭೆ ಸೇರಿತು. ಮ್ಯಾನೇಜರ್ ಬರುತ್ತಲೇ ಮೊಬೈಲು ತೆಗೆದು ಎಲ್ಲರಿಗೂ ಫೋಟೋ ತೋರಿಸಿದ. ಅವನು ಅಷ್ಟೊಂದು ಪೇಢೆ ಯಾಕೆ ತಂದಿದ್ದನೆಂದು ಆಗ ತಿಳಿಯಿತು.

"ನೋಡು ರೀ. ಪೂಜಾ ಆಯ್ತು, ತೆಂಗು ಒಡದಾಯ್ತು, ಪೇಢೆ ತಿಂದಾಯ್ತು. ಕೊಳ ತಗೊಂಡಾಯ್ತು. ಈಗ ಸಹಿ ಹೊಡಿ ರೀ."

ಗಂಡಸರೆಲ್ಲ ನಮ್ಮ ಕಡೆ ತಿರುಗಿದರು. ನಮ್ಮವರು, "ಫೋಟೋಕ್ಕ ನಿಲ್ಲಾಕ ಯಾರ ಹೇಳಿದ್ರ ನಿಮಗ?" ಎಂದರು. ಅಧ್ಯಕ್ಷರು ಪೆನ್ನಿನ ಟೋಪಿ ತೆಗೆಯುತ್ತ ಹಾಕುತ್ತ ಕೂತರು. ಇನ್ನು ಸಹಿ ಹಾಕದೆ ಉಪಾಯವಿಲ್ಲವೇನೋ ಎಂಬಂತಿತ್ತು ಅವರ ಮುಖ.

ಕಾಕು ಎದ್ದು ನಿಂತರು. "ತಮ್ಮಾ, ನಾವು ಪೂಜಾ ಮಾಡಿದ್ದು ಗಂಗವ್ವಗ. ನಿನಗ ಮಾಡಿದ್ರ ನಿನ್ನ ಹಣಿಗಿ ಭಂಡಾರ ಬಡೀತಿದ್ವಿ. ನಡಿ ನಮ್ಮ ಮನಿಗಿ, ಆ ಗಂಗವ್ವ ಎಲ್ಲಿ ಬಂದ ಕುಂತಾಳ ತೋರಸ್ತೀನಿ."

ಎಲ್ಲರೂ ಹೋಗಿ ಕೆಂಪು ಕಲೆ ನೋಡಿದರು. ಮ್ಯಾನೇಜರ್ ಬೆರಳಿನಿಂದ ಕೆರೆದು ನೋಡಿ ನಿರಾಳನಾದ. "ಇದು ಗುಡ್ಡದ ಮಣ್ಣು, ಬಾಯ್. ಗೋವಾದ ಮಣ್ಣು ಕೆಂಪು. ಮಳೆ ನೀರು ಇಳಿದರೆ ಗೋಡೆ ಕೆಂಪು."

ಅವನು ಹೇಳಿದ್ದೂ ಸುಳ್ಳಲ್ಲ. ಹೊರಗಿನ ಕಾಂಪೌಂಡು, ರಸ್ತೆ, ನಮ್ಮ ಸೀರೆಯ ಅಂಚು, ಮಳೆಗಾಲದಲ್ಲಿ ಎಲ್ಲವೂ ಕೆಂಪೇ. ಅಧ್ಯಕ್ಷರು ಹೌದೆನ್ನುವಂತೆ ತಲೆಯಾಡಿಸಿದರು. ಕಾಕು ಮಂಚದ ಮೇಲೆ ಕೂತುಬಿಟ್ಟರು. ಒಮ್ಮೆಗೇ ಎಲ್ಲರೂ ಮಾತಾಡತೊಡಗಿದರು.

ನನಗೆ ಹೇಳುವುದಿತ್ತು. ನಾನು ಓದಿದ ಕಾನ್ವೆಂಟಿನಲ್ಲಿ ಏನು ಹೇಳುವುದಿದ್ದರೂ ಕೈ ಎತ್ತಿ, ಸಿಸ್ಟರ್ ನಮ್ಮತ್ತ ನೋಡುವವರೆಗೂ ಕಾಯಬೇಕು. ಆ ಅಭ್ಯಾಸ ಹೋಗಿಲ್ಲ. ಬಾಗಿಲ ಬಳಿ ಕೈ ಎತ್ತಿ ನಿಂತೆ. ಮೊದಲಿಗೆ ಯಾರೂ ನೋಡಲಿಲ್ಲ. ನಮ್ಮವರು ನೋಡಿ, ನಾಚಿಕೆಯಾದವರಂತೆ ಆಚೆ ತಿರುಗಿದರು. ಕೊನೆಗೆ ಕಾಕಾ ನೋಡಿದರು.

"ಕೈ ಇಳಸವ್ವಾ, ಬಾಯಿ ತಗಿ. ಇದು ಸಾಲಿ ಅಲ್ಲ."

ಗದ್ದಲ ನಿಂತಿತು. ನಾನು ಮ್ಯಾನೇಜರನನ್ನು ಕೇಳಿದೆ: "ಗೋವಾದಾಗ ನೀಲಿ ಮಣ್ಣು ಎಲ್ಲ್ಯರ ಐತೇನ್ರಿ?"

"ನೀಲಿ? ಇಲ್ಲ ರೀ" ಎಂದ, ನಗುತ್ತ.

ನಮ್ಮವರ ಬಿಳಿ ಅಂಗಿಗೆ ಇವತ್ತಿಗೂ ನಾನು ನೀಲಿ ಹಾಕುತ್ತೇನೆ. ಶಾಲೆಯ ಬಿಳಿ ಸಮವಸ್ತ್ರಕ್ಕೆ ಹಾಕುತ್ತಿದ್ದ ಕಾಲದಿಂದ ಬಂದ ಅಭ್ಯಾಸ. ಮೇಲೆ ಹೋಗಿ ಬಾಟಲಿ ತಂದೆ. ಎಲ್ಲರೂ ಕೊಳದ ಬಳಿಗೆ ನಡೆದೆವು. ಅಧ್ಯಕ್ಷರೇ ಜಾಲರಿ ಎತ್ತಿದರು. ಒಂದು ಬಕೆಟ್ಟಿನಲ್ಲಿ ನೀಲಿ ಕದಡಿ ಹೊಯ್ದೆ, ಹಿಂದೆಯೇ ನಮ್ಮವರು ಕೊಳದ ನೀರನ್ನು ಬಕೆಟ್ ಮೇಲೆ ಬಕೆಟ್ ಎತ್ತಿ ಸುರಿದರು. ಅಂಗಡಿಯಲ್ಲಿ ಒಂದು ಕೊಡಪಾನ ಎತ್ತಿಡದ ಮನುಷ್ಯ! ಗಟಾರು ಮತ್ತೆ ಗುಟುಕ್ ಎಂದಿತು.

"ಇನ್ನ ಕುಂಡ್ರೂಣ" ಎಂದರು ಕಾಕು.

ಹಾಗೆ ನಾವೆಲ್ಲ ಕಾಕು ಮಲಗುವ ಕೋಣೆಯಲ್ಲಿ ಗೋಡೆ ನೋಡುತ್ತ ಕೂತೆವು. ಮಂಚದ ಮೇಲೆ ಕಾಕಾ, ಅಧ್ಯಕ್ಷರು ಮತ್ತು ನಮ್ಮವರು, ಇದ್ದ ಒಂದೇ ಕುರ್ಚಿಯಲ್ಲಿ ಮ್ಯಾನೇಜರ್, ನೆಲದ ಮೇಲೆ ಹೆಂಗಸರು. ಟೀವಿ ನೋಡುವ ಹಾಗೆ ಎಲ್ಲರ ಮುಖವೂ ಒಂದೇ ದಿಕ್ಕಿಗೆ. ಕಾಕು ಒಗ್ಗರಣೆ ಅವಲಕ್ಕಿ ಮಾಡಿದರು, ಚಹಾ ಬಂತು. ಹಡಗು ಬರುವುದನ್ನು ಕಾಯುತ್ತ ಬಂದರಿನಲ್ಲಿ ಹೀಗೇ ಕೂರುತ್ತಿದ್ದೆವೆಂದು ಕಾಕಾ ಹೇಳಿದರು. ಬರುತ್ತದೆ ಎಂದ ಹಡಗು ಬರುವುದಿಲ್ಲ, ಕಣ್ಣು ತಪ್ಪಿಸಿದಾಗಲೇ ಬಂದು ನಿಂತಿರುತ್ತದೆ. ಮ್ಯಾನೇಜರ್ ಎರಡು ಸಲ ಎದ್ದ.

"ಕುಂಡ್ರ ತಮ್ಮಾ, ಇನ್ನೊಂದ ಚಾ ಬರಾಕತ್ತೈತಿ" ಎಂದರು ಕಾಕು.

ಗೋಡೆ ಗೋಡೆಯಾಗಿಯೇ ಇತ್ತು. ಬರದಿದ್ದರೆ? ಆರತಿಯ ಬಣ್ಣ ಇಡೀ ರಾತ್ರಿ ತೆಗೆದುಕೊಂಡಿತ್ತೋ ಏನೋ. ಕಾಕು ನನ್ನತ್ತ ನೋಡುತ್ತಿರಲಿಲ್ಲ. ಎಷ್ಟೋ ಹೊತ್ತಿನ ಮೇಲೆ, ಮೂಲೆಯಲ್ಲಿ ಎದ್ದಿದ್ದ ಬಣ್ಣದ ಹಪ್ಪಳವೊಂದು ತಾನಾಗಿಯೇ ಕಳಚಿ ಬಿತ್ತು. ಅದು ಬಿದ್ದ ಜಾಗದಲ್ಲಿ ಒಂದು ಹನಿ ಕೂಡಿತು. ಕೂಡಿ, ತುಂಬಿ, ಕೆಂಪು ಕಲೆಯ ಪಕ್ಕದಲ್ಲಿ ಕೆಳಗಿಳಿಯಿತು. ತಿಳಿ ನೀಲಿ, ನಮ್ಮವರ ಅಂಗಿಯ ಕಾಲರಿನ ನೀಲಿ.

ಮ್ಯಾನೇಜರ್ ಚಹಾದ ಬಶಿಯನ್ನು ನೆಲಕ್ಕಿಟ್ಟು, ಹತ್ತಿರ ಹೋಗಿ, ಬೆರಳಿನಿಂದ ಮುಟ್ಟಿ, ಬೆಳಕಿಗೆ ಹಿಡಿದು ನೋಡಿದ. ಅವನ ಮುಖದಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಕುತೂಹಲವಿತ್ತು. ಅದು ನನಗೆ ಹಿಡಿಸಿತು. ಕೊಂಕಣಿಯಲ್ಲಿ ತನಗೆ ತಾನೇ ಏನೋ ಅಂದುಕೊಂಡ.

"ಪೈಪ್ ಕೂಡಿಸಿಲ್ಲ ಅನಸ್ತದ ರೀ" ಎಂದ ಕೊನೆಗೆ.

ಅಧ್ಯಕ್ಷರು ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡರು. "ಮದಲ ರಿಪೇರಿ, ಆಮ್ಯಾಲ ಸಹಿ" ಎಂದರು. ಅವರು ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು. ಇಷ್ಟಕ್ಕೇ ಬಿಲ್ಡರ್ ಒಪ್ಪಲಿಲ್ಲ, ಫೋನಿನಲ್ಲಿ ವಾದಗಳಾದವು. ಆದರೆ ಆ ಹನಿ ಇಳಿಯುವುದನ್ನು ನಮ್ಮವರು ಮೊಬೈಲಿನಲ್ಲಿ ಹಿಡಿದಿದ್ದರು, ಫೋಟೋಕ್ಕೆ ಫೋಟೋ. ದೀಪಾವಳಿಯ ಹೊತ್ತಿಗೆ ಆಳುಗಳು ಬಂದು ಗಟಾರು ಒಡೆದರು. ನಾನು ಬಟ್ಟೆ ಒಣಹಾಕುವುದನ್ನು ಬಿಟ್ಟು ನೋಡಲು ಇಳಿದು ಹೋದೆ. ಗಟಾರಿನ ಬಾಯಿ ಎಲ್ಲಿಗೂ ಸೇರಿರಲಿಲ್ಲ. ಮೋರಿಯ ಪೈಪು ಒಂದು ಕಡೆ, ಬಾಯಿ ಒಂದು ಕಡೆ. ನಡುವೆ ಬರಿಯ ಕೆಂಪು ಮಣ್ಣು, ಅದರ ಕೆಳಗೆ ಕಾಕು ಮನೆ. ಮಣ್ಣಿನಲ್ಲಿ ಒಂದು ಚೆಂಡುಹೂವು ಸಿಕ್ಕಿಕೊಂಡಿತ್ತು.

ಪೈಪು ಕೂಡಿಸಿ ಹೋದರೂ, ಮುಂದಿನ ಮಳೆಗಾಲ ಹೇಗೆ ಕಳೆಯುತ್ತದೆಂದು ನೋಡುವವರೆಗೂ ಗೋಡೆಗೆ ಬಣ್ಣ ಹೊಡೆಸಲು ಕಾಕು ಬಿಡಲಿಲ್ಲ. ಜೋರು ಮಳೆ ಹಿಡಿದ ಒಂದು ಮಧ್ಯಾಹ್ನ ನಾನು ಹೋದಾಗ ಮಂಚ ಗೋಡೆಗೆ ಹತ್ತಿಕೊಂಡಿತ್ತು, ಬಾಗಿಲು ಪೂರ್ತಿ ತೆರೆದಿತ್ತು. ಕಾಕಾ ಕೆಂಪು ಕಲೆ, ನೀಲಿ ಕಲೆ ಎರಡರ ನಡುವೆ ಅಂಗೈ ಊರಿ ಕೂತಿದ್ದರು.

"ಒಣಾ ಐತಿ ನೋಡ" ಎಂದರು, ಒಂದೂ ಕೆಮ್ಮಿಲ್ಲದೆ. "ಆದರ ಗ್ವಾಡಿ ಒಣಗಿದ ಮ್ಯಾಲ ನೋಡಾಕ ಒಬ್ಬರೂ ಬರವಲ್ರು."

ನಾನೂ ಅಂಗೈ ಊರಿ ನೋಡಿದೆ. ಆಮೇಲೆ ಕಾಂಪೌಂಡಿನ ಹೊರಗಿನ ಮೋರಿಗೆ ಈಗ ನೀರು ಬರುತ್ತಿದೆಯೇ ನೋಡೋಣವೆಂದು ಕೊಡೆ ಹಿಡಿದು ಹೊರಟೆ.